ಎಡಗಡೆಯ ಬಾಗಿಲು

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಊರಿನ ತಕ್ಕಡಿಗಳೆಲ್ಲ ತಮ್ಮನ್ನು ಕಂಡರೆ ಗಡಗಡ ನಡುಗುತ್ತಿದ್ದವು ಎಂದು ಅವರೇ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ನಡುಗುವವರು ಯಾರೂ ಸಿಗದೆ, ಭಾನುವಾರ ಕಾರು ತೊಳೆಯುವುದನ್ನು ಹಿಡಿದುಕೊಂಡರು.

ತೊಳೆಯುವುದೆಂದರೆ ನಮ್ಮಂಥವರು ಪೈಪು ಹಿಡಿದು ನೀರು ಬಿಟ್ಟು ಕೈ ತೊಳೆದುಕೊಳ್ಳುವ ಹಾಗಲ್ಲ. ಒಂದು ಬಕೆಟ್‌ನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ತಲೆ, ಆಮೇಲೆ ಮೈ, ಕೊನೆಗೆ ಚಕ್ರ. ಬಟ್ಟೆಯನ್ನು ನೇರವಾಗಿ ಎಳೆಯಬೇಕು, ಗುಂಡಗೆ ತಿರುಗಿಸಿದವನು ಪಾಪಿ. ಕೈಗೆ ತುಪ್ಪಳದಂಥ ದಪ್ಪ ಗವಸು. ಬೀದಿಯವರು ಅವರಿಗೆ ‘ಎರಡು ಬಕೆಟ್’ ಎಂದು ಹೆಸರಿಟ್ಟಿದ್ದರು. ಭಾವನಿಗೆ ಅದು ಬಿರುದಿನಂತೆಯೇ ಕೇಳಿಸುತ್ತಿತ್ತು.

“ಒಂಬತ್ತು ವರ್ಷದ ಕೆಂಪು ಗಾಡಿ ಕಣಯ್ಯಾ. ಒಂದೇ ಒಂದು ಗೀರು ತೋರಿಸು, ಕಿವಿ ಕತ್ತರಿಸಿ ಕೈಗೆ ಕೊಡ್ತೀನಿ,” ಎನ್ನುವುದು ಅವರ ವಾರದ ಸವಾಲು. ನಾನು ಹುಡುಕಲು ಹೋಗುತ್ತಿರಲಿಲ್ಲ. ಭಾವನ ಕಿವಿ ಕಟ್ಟಿಕೊಂಡು ನನಗೇನಾಗಬೇಕು?

ಆ ಭಾನುವಾರದ್ದು ವಿಶೇಷ ಸ್ನಾನ. ಮಗಳ ಕೆಲಸದ ಹೊತ್ತು ಬದಲಾಗಿತ್ತು, ಮರುದಿನದಿಂದ ಆರು ವರ್ಷದ ಮೊಮ್ಮಗಳನ್ನು ಶಾಲೆಗೆ ಬಿಡುವ ಕೆಲಸ ಭಾವನ ಪಾಲಿಗೆ ಬಂದಿತ್ತು. ಹಿಂದಿನ ಸೀಟಿನ ಎಡಗಡೆಯ ಕಿಟಕಿ ತನ್ನದು ಎಂದು ಆ ಮಗು ಮೊದಲೇ ಹಕ್ಕು ಸಾಧಿಸಿಯಾಗಿತ್ತು. ಭಾವ ರಾಜರಥ ಸಿದ್ಧಪಡಿಸುವ ಗತ್ತಿನಲ್ಲಿ ಗವಸು ತೊಟ್ಟರು. ಪಕ್ಕದ ಮನೆಯವನಾದ ನಾನು ಅವರ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು, ದುಡಿಯುವವರನ್ನು ನೋಡುವ ಸುಖದಲ್ಲಿ ಕುಳಿತಿದ್ದೆ.

ರಸ್ತೆಗೆ ಹೊಸದಾಗಿ ಟಾರು ಹಾಕಿದ್ದರು. ಎಡಗಡೆಯ ಬಾಗಿಲುಗಳಿಗೆ ಅದರ ಕಪ್ಪು ಚುಕ್ಕಿಗಳು ಅಂಟಿದ್ದವು. ಜಪ್ಪಯ್ಯ ಎಂದರೂ ಬಿಡಲಿಲ್ಲ.

“ರೀ, ಸೋಪಿಗೆ ಹೋಗಲ್ಲ ಅದು. ಎದುರುಮನೆ ಪೇಂಟರ್ ಹತ್ರ ಥಿನ್ನರ್ ಇಸ್ಕೊಂಡು ಒರೆಸಿ,” ಎಂದು ಅಕ್ಕ ಅಡುಗೆಮನೆಯ ಕಿಟಕಿಯಿಂದ ಕೂಗಿದಳು.

ಭಾವ ಹೆಂಡತಿಯ ಸಲಹೆಯನ್ನು ಒಪ್ಪುವವರಲ್ಲ. ಐದು ನಿಮಿಷ ಬಿಟ್ಟು ತಾವೇ ಕಂಡುಹಿಡಿಯುವವರು. “ಇದಕ್ಕೆ ಥಿನ್ನರ್ರೇ ಮದ್ದು!” ಎಂದು ಘೋಷಿಸಿದರು. ಪೇಂಟರ್ ಬಾಟಲಿ ಹಿಡಿದು ತಾನೇ ಬಂದ. ಭಾವ ಗವಸು ಕಳಚಿ, ಹಳೆಯ ಬನಿಯನ್ನಿನ ತುಂಡು ಅದ್ದಿ, ಒಂದು ಎಳೆತ ಎಳೆದರು. ನೇರವಾಗಿಯೇ.

ಬಟ್ಟೆ ಕೆಂಪಾಯಿತು. ಬಾಗಿಲ ಮೇಲೆ ಗೇಣುದ್ದದ ಬಿಳಿ ಗೀರೊಂದು ಬಾಯಿ ತೆರೆಯಿತು.

ಭಾವನ ಬಾಯಿ ಅದಕ್ಕಿಂತ ಅಗಲವಾಗಿ ತೆರೆದಿತ್ತು. ಗಾಬರಿಯಲ್ಲಿ ಪಕ್ಕದಲ್ಲೇ ಒರೆಸಿದರು. ಇನ್ನೊಂದು ಗೀರು. ಹಿಂದಿನ ಬಾಗಿಲಿಗೆ ಹೋದರು. ಅಲ್ಲಿ ಜೋಡಿ ಗೀರು.

“ನನ್ನ ಗಾಡಿ ಬಣ್ಣಾನೇ ಕಿತ್ತುಬಿಟ್ಯಲ್ಲಯ್ಯಾ! ಏನು ಬಾಟ್ಲಿ ತಂದೆ ನೀನು?”

ಪೇಂಟರ್ ಬಟ್ಟೆ ಇಸಿದುಕೊಂಡ, ಮೂಸಿ ನೋಡಿದ. “ಸಾರ್, ಗಾಡಿ ಬಣ್ಣ ಒಂದ್ಸಲ ಒರೆಸಿದ್ರೆ ಹೀಗೆ ಕರಗಲ್ಲ. ಇದು ಉಗುರಿಗೆ ಹಚ್ತಾರಲ್ಲ, ಅದು.”

ಭಾವ ನನ್ನ ಕಡೆ ತಿರುಗಿದರು. “ಹೋದ ವರ್ಷ ಗಾಡಿ ಕೇಳಿದೋನು ನೀನೇ ಅಲ್ವೇನೋ?”

“ನೀವು ಕೊಡಲಿಲ್ಲವಲ್ಲ ಭಾವ!”

“ಕೊಡಲಿಲ್ಲ ಅಂತಲೇ ಈ ಸೇಡು!”

ಅಷ್ಟರಲ್ಲಿ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚದವಳು, ಬಾನೆಟ್ಟಿನ ಮೇಲೆ ಒಂದು ಪುಟ್ಟ ಕೆಂಪು ಶೀಷೆ ಇಟ್ಟಳು. ಮುಕ್ಕಾಲು ಖಾಲಿ. ನನ್ನ ಕೈಯಲ್ಲಿದ್ದ ಟೀ ಪಂಚೆಯ ಮೇಲೆ ಚೆಲ್ಲಿತು.

“ಇನ್ನೂ ಮೂರು ಗೀರು ಇದಾವೆ, ಕೆಳಗಡೆ ಒರೆಸಿ. ನೀವು ಊಟ ಮಾಡಿ ಮಲಗಿದಾಗ ಹಚ್ತಿದ್ದೆ.”

“ಯಾರು ಮಾಡಿದ್ದು ಇದನ್ನ?” ಭಾವ ಶೀಷೆಯನ್ನು ಕೈಗೆತ್ತಿಕೊಂಡರು.

“ಗೇಟಿನ ಕಂಬ. ನೀವು ಒಳಗೆ ತರುವಾಗಲೆಲ್ಲ.”

“ಸದ್ದಾಗಬೇಕಿತ್ತಲ್ಲ?”

“ಆಗ್ತಿತ್ತು. ನೀವು ಇಳಿದು ಬಂದು ಗೇಟಿಗೆ ಎಣ್ಣೆ ಬಿಡ್ತಿದ್ರಿ.”

ಪೇಂಟರ್‌ಗೆ ನಗು ಬಂತು, ಕೆಮ್ಮಿದ.

“ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?”

“ಒಂದ್ಸಲ ಹೇಳಿದೆ. ಕಂಬ ಸೊಟ್ಟಗಿದೆ ಅಂತ ಮೇಸ್ತ್ರಿಯನ್ನ ಕರೆಸಿ ಅರ್ಧ ಅಡಿ ಆಚೆ ಕಟ್ಟಿಸಿದ್ರಿ. ಕಂಬ ಆಚೆ ಹೋದ ಹಾಗೆ ನೀವೂ ಆಚೆ ಹೋದ್ರಿ. ಇಷ್ಟು ದಿನ ನಾವಿಬ್ರೇ, ಏನೋ ಆಯ್ತು. ನಾಳೆ ಆ ಕಡೆ ಮಗು ಕೂರುತ್ತೆ. ನನ್ನ ಮಾತು ನೀವು ನಂಬಲ್ಲ. ಗಾಡಿ ಹೇಳಿದ್ರೆ ನಂಬ್ತೀರಿ ಅಂತ ಥಿನ್ನರ್ ಅಂದೆ.”

ಭಾವ ಗೇಟಿನ ಕಡೆ ಮುಖ ಮಾಡಿ ನಿಂತರು. ಮುಂಗೈಯಿಂದ ಎಡಗಣ್ಣು ಮುಚ್ಚಿದರು, ತೆಗೆದರು. ಆಮೇಲೆ ಬಲಗಣ್ಣು ಮುಚ್ಚಿದರು. ಹಾಗೆಯೇ ನಿಂತರು.

“ಲೇ,” ಎಂದರು ಕೊನೆಗೆ, “ಎಡಗಡೆ ಕಂಬ ಎಲ್ಲೇ?”

ಕಂಬ ಇದ್ದಲ್ಲೇ ಇತ್ತು, ಹತ್ತು ಹೆಜ್ಜೆ ದೂರದಲ್ಲಿ, ಮೈತುಂಬ ಕೆಂಪು ಗೀಚುಗಳನ್ನು ಹೊತ್ತುಕೊಂಡು. ನಾವು ಯಾರೂ ನಗಲಿಲ್ಲ. ಪೇಂಟರ್ ಕೂಡ ಕೆಮ್ಮಲಿಲ್ಲ. ಅಕ್ಕನ ಮುಖ ನೋಡಿದೆ. ಗೀರುಗಳನ್ನು ಎಣಿಸಿಟ್ಟುಕೊಂಡಿದ್ದ ಅವಳಿಗೂ ಇಷ್ಟು ಗೊತ್ತಿರಲಿಲ್ಲ. ಭಾವನಿಗೆ ಗಮನ ಸಾಲದು ಎಂದುಕೊಂಡಿದ್ದಳೇ ಹೊರತು, ಕಣ್ಣೇ ಸಾಲದು ಎಂದಲ್ಲ. ಅವಳು ಕಾರಿಗೆ ಒರಗಿದಳು. ಒದ್ದೆ ಕಾರು, ಸೀರೆಯೆಲ್ಲ ನೆನೆಯಿತು.

“ಮೂವತ್ತೊಂದು ವರ್ಷ ಊರಿನವರ ತಕ್ಕಡಿ ನೋಡಿದೆ,” ಎಂದು ಭಾವ ತಮಗೆ ತಾವೇ ಎಂಬಂತೆ ಹೇಳಿಕೊಂಡು, ಜೇಬಿನಿಂದ ಕೀ ತೆಗೆದು, ಒಣಬಟ್ಟೆಯಲ್ಲಿ ಒರೆಸಿ ಅಕ್ಕನ ಕೈಗಿಟ್ಟರು. ಆಮೇಲೆ ಉಳಿದ ಮೂರು ಗೀರುಗಳನ್ನೂ ಒರೆಸಿ ತೆಗೆದರು. ಚಕ್ರ ತೊಳೆದರು. ಅರ್ಧಕ್ಕೆ ಬಿಡುವ ಜಾಯಮಾನ ಅವರದಲ್ಲ.

ಸೋಮವಾರ ಮಧ್ಯಾಹ್ನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ನನಗೆ ಅಪ್ಪಣೆಯಾಯಿತು. ಬೆಳಿಗ್ಗೆ ಭಾವ ಮೊಮ್ಮಗಳನ್ನು ನಡೆಸಿಕೊಂಡೇ ಶಾಲೆಗೆ ಹೊರಟರು. ಅವಳಿಗೆ ಅಜ್ಜಿ ಏನು ಹೇಳಿಕೊಟ್ಟಿದ್ದಳೋ, ತಾತನ ಎಡಗೈ ಹಿಡಿದಿದ್ದಳು. ಗೇಟು ದಾಟುವಾಗ ಅವಳ ದನಿ ನನ್ನ ಮನೆಯ ತನಕ ಕೇಳಿಸಿತು:

“ತಾತ, ಕಂಬ!”

ಭಾವ ಬೆಚ್ಚಿಬಿದ್ದು ಅರ್ಧ ಹೆಜ್ಜೆ ಬಲಕ್ಕೆ ಸರಿದರು. ಅಲ್ಲಿಂದ ತಿರುವಿನವರೆಗೂ ಅವಳು ಕೂಗುತ್ತಲೇ ಇದ್ದಳು: ಸೈಕಲ್ಲು, ನಾಯಿ, ಹಾಲಿನವರು. ನಾನು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ. ಇಷ್ಟು ದಿನ ಅವರ ಎಡಗಡೆ ಇಷ್ಟೆಲ್ಲ ಇತ್ತೇ!