ಗುಡುಗುಡು ಸದ್ದು ಹೋದ ಸುಬಾರು

ಗೆಳೆಯರೇ, ಇವತ್ತು ನಮ್ಮ ಮನೆ ಗೇಟಿನ ಮುಂದೆ ನಾನೇ ಅಪರಿಚಿತನಾದೆ.

ನನ್ನ ಹಳೇ ಸುಬಾರು ಕಾರಿನ ಇಂಜಿನ್ನಿನಿಂದ ಹೊರಡುವ ಸೈಲೆನ್ಸರ್ ಪೈಪುಗಳು ಒಂದು ಉದ್ದ, ಒಂದು ಗಿಡ್ಡ. ಆ ಗುಡುಗುಡು ಸದ್ದು ಬರುತ್ತಿದ್ದದ್ದು ಆ ಉದ್ದ-ಗಿಡ್ಡದಿಂದಲೇ. ನಮ್ಮ ಸುಬಾರು ಗುಂಪಿನ ಹರೀಶ ಪೀಣ್ಯದ ತನ್ನ ಶೆಡ್ಡಿನಲ್ಲಿ ಅವನ್ನು ಬಿಚ್ಚಿ, ಸಮ ಅಳತೆಯವನ್ನು ಕೂರಿಸಿದ. "ಪಿಕಪ್ ನೋಡು ಗುರು, ಬೆಣ್ಣೆ" ಎಂದ. ನಿಜವೇ. ಸದ್ದೂ ಕರಗಿಹೋಗಿತ್ತು.

ಚಂದಾಪುರದ ನಮ್ಮ ತಿರುವಿನಲ್ಲಿ ಆ ಸದ್ದು ಕೇಳಿದರೆ ಸಾಕು, ಹನ್ನೆರಡು ವರ್ಷದಿಂದ ಮನೆ ಓನರ್ ಜಯಮ್ಮ ಗೇಟು ತೆಗೆದು ನಿಂತಿರುತ್ತಿದ್ದರು. ಹಾರ್ನ್ ಹೊಡೆದದ್ದೇ ಇಲ್ಲ. ಇವತ್ತು ಹೊಡೆದೆ.

"ಯಾರ್ ಬೇಕಿತ್ತು?"

"ನಾನೇ ಕಣಕ್ಕ."

ಅವರು ಗಾಡಿ ಸುತ್ತಿ ನೋಡಿದರು. "ಇಂಗೆ ಕಳ್ಳನ್ ಥರ ಬಂದ್ರೆ ಯಾರಿಗ್ ಗೊತ್ತಾಯ್ತದೆ?"

ಅಲ್ಲಿಂದಲೇ ಹರೀಶನಿಗೆ ಫೋನ್ ಮಾಡಿದೆ. "ಹಳೇ ಪೈಪ್ ಗುಜರಿಗೆ ಹಾಕ್ಬೇಡ ಮಗಾ."

"ಯಾಕೋ, ಪಿಕಪ್ ಸಾಲ್ದಾ?"

"ಪಿಕಪ್ ಸಕ್ಕತ್ತಾಗಿದೆ. ಗೇಟ್ ತೆಗೆಯೋರಿಲ್ಲ."