ಮುಖವೂ ಕಾಣಬೇಕು, ಅಕ್ಷರವೂ ಕಾಣಬೇಕು

ಅವಳನ್ನು ಬೀದಿಯವರೆಲ್ಲ ಅಚ್ಚಕ್ಕ ಎಂದೇ ಕರೆಯುವುದು. ಇಪ್ಪತ್ತೆರಡು ವರ್ಷ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವಳು. ಅದಕ್ಕೆ ಬೀಗ ಬಿದ್ದಾಗ ಎರಡು ತಿಂಗಳು ಸುಮ್ಮನೆ ಕೂತಳು; ಮೂರನೆಯ ತಿಂಗಳು ಅಡುಗೆಮನೆಯ ಪಕ್ಕದ ಕೋಣೆಗೆ ಹಳೆಯ ಕಂಪ್ಯೂಟರೊಂದನ್ನು ತಂದಿಟ್ಟು ವೆಬ್ ಪುಟ ಮಾಡುವುದನ್ನು ಕಲಿಯತೊಡಗಿದಳು. ಐವತ್ತು ದಾಟಿದ ಮೇಲೆ ಇದೆಲ್ಲ ತಲೆಗೆ ಹತ್ತುತ್ತದೆಯೇ ಎಂದು ಜೊತೆಗಿದ್ದ ನಾದಿನಿ ನಕ್ಕಳು. ಹತ್ತಿತು. ಬೀದಿಯ ನಾಲ್ಕು ಅಂಗಡಿಗಳ ಪುಟಗಳು ಅವಳ ಕೈಯವೇ.

ಐದನೆಯದು ಗಡಿಯಾರ ರಿಪೇರಿಯವನದು. ಅಂಗಡಿಯಲ್ಲಿ ಹೆಂಡತಿ ನಗುತ್ತ ಕೂತಿರುವ ಫೋಟೊ ಪುಟದ ತುಂಬ ಇರಬೇಕು, ಅದರ ಮೇಲೆ ವಿಳಾಸ, ಫೋನ್ ನಂಬರು, ಅಂಗಡಿ ತೆರೆಯುವ ಹೊತ್ತು ಬರಬೇಕು ಎಂದಿದ್ದ. ಫೋಟೊದ ಬಣ್ಣಗಳಲ್ಲಿ ಅಕ್ಷರಗಳು ಕಲಸಿಹೋಗುತ್ತಿದ್ದುದರಿಂದ ಅಚ್ಚಕ್ಕ ನಡುವೆ ಒಂದು ಬಿಳಿ ಚೌಕ ಇಟ್ಟು ಅದರೊಳಗೆ ಬರೆದಳು. ಗಂಡಹೆಂಡಿರು ನೋಡಲು ಬಂದರು. ಹೆಂಡತಿ ಪರದೆಯತ್ತ ಬಾಗಿ ನೋಡಿದಳು.

"ನಾನಿನ್ನೂ ಬದುಕಿದ್ದೀನಿ ಅಕ್ಕ. ಆಗಲೇ ಮುಖದ ಮೇಲೆ ಬಿಳಿ ಬಟ್ಟೆ ಹಾಕಿಬಿಟ್ಟಿದ್ದೀರಲ್ಲ."

ಎಲ್ಲರೂ ನಕ್ಕರು. ಅಚ್ಚಕ್ಕ ನಗುತ್ತಲೇ ನಾಲಿಗೆ ಕಚ್ಚಿಕೊಂಡಳು. ಚೌಕವನ್ನು ಬದಿಗೆ ಸರಿಸೋಣವೆಂದರೆ ಫೋನಿನ ಪುಟ್ಟ ಪರದೆಯಲ್ಲಿ ಸರಿಸಲು ಬದಿಯೇ ಇರಲಿಲ್ಲ. ಅವರು ಹೋದ ಮೇಲೆ ಚೌಕವನ್ನು ಅರ್ಧ ಪಾರದರ್ಶಕ ಮಾಡಿದಳು. ಮುಖವೇನೋ ಕಂಡಿತು, ಆದರೆ ಒಳಗಿನ ಅಕ್ಷರಗಳೂ ಜೊತೆಗೇ ಮಸುಕಾದವು. ದಪ್ಪ ಮಾಡಿದಳು, ದೊಡ್ಡದು ಮಾಡಿದಳು, ಮಸುಕು ಮಸುಕೇ. ನಾದಿನಿಯನ್ನು ಕರೆದು ತೋರಿಸಿದಳು.

"ಆಯಮ್ಮನ ಕನ್ನಡಕದ ಕಡ್ಡಿ ಕೂಡ ಕಾಣ್ತಿದೆ ಅತ್ತಿಗೆ. ಅಂಗಡಿ ಎಷ್ಟು ಗಂಟೆಗೆ ತೆಗೀತಾರೆ ಅನ್ನೋದೊಂದು ಬಿಟ್ಟು."

ಎರಡು ದಿನ ತಲೆ ಕೆರೆದುಕೊಂಡದ್ದೇ ಬಂತು. ಮೂರನೆಯ ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಮುದ್ರಣಾಲಯದ ಯಜಮಾನರ ನೆನಪಾಯಿತು. ಹಿನ್ನೆಲೆಗೆ ತೆಳುಬಣ್ಣ ಬೇಕಾದಾಗ ಅವರು ಆ ಒಂದು ಶಾಯಿಯನ್ನಷ್ಟೇ ತೆಳು ಮಾಡಿಸುತ್ತಿದ್ದರು. ಅಕ್ಷರದ ಕಪ್ಪು ಶಾಯಿಯ ಡಬ್ಬಿ ಮುಟ್ಟಿದವರಿಗೆ ಬೈಗುಳ ಖಂಡಿತ. ತಾನು ಮಾಡಿದ್ದೇನು? ಇಡೀ ಚೌಕಕ್ಕೇ ತೆಳುವಾಗು ಎಂದು ಹೇಳಿದ್ದಳು. ಒಳಗಿದ್ದುದೆಲ್ಲ ಮಸುಕಾಗದೆ ಇನ್ನೇನಾದೀತು?

ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಬಂದು ತನ್ನ ನೋಟ್‌ಬುಕ್ ತೆರೆದಳು. ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳಲ್ಲಿ ಬರೆಯುವುದು ಅವಳಿಗೆ ರೂಢಿ. ನಾಲ್ಕನೆಯ ಅಂಕಿ ಸೇರಿಸಿದರೆ ಆ ಬಣ್ಣ ಎಷ್ಟು ತೆಳುವಿರಬೇಕೆಂದೂ ಹೇಳಬಹುದು. ಅದನ್ನು ಅವಳೇ ಬರೆದಿಟ್ಟು ಮರೆತಿದ್ದಳು. ಚೌಕಕ್ಕೆ ಕೊಟ್ಟಿದ್ದ ಅಪ್ಪಣೆಯನ್ನು ಅಳಿಸಿ, ಹಿನ್ನೆಲೆಯ ಬಿಳಿಗೆ ಮಾತ್ರ ಆ ನಾಲ್ಕನೆಯ ಅಂಕಿ ಕೊಟ್ಟಳು. ಪುಟ ಮತ್ತೆ ತೆರೆದಾಗ ತೆಳುಬಿಳಿಯ ಹಿಂದೆ ನಗುಮುಖ, ಮುಂದೆ ಕಡುಕಪ್ಪು ಅಕ್ಷರ. ನಾದಿನಿ ಬಾಗಿಲಲ್ಲೇ ನಿಂತು ಅಂಗಡಿಯ ಹೊತ್ತನ್ನು ಓದಿ ಹೇಳಿದಳು.

ಮಧ್ಯಾಹ್ನ ಬಂದ ರಿಪೇರಿಯವನು ಕನ್ನಡಕ ತೆಗೆದಿಟ್ಟು ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ತೃಪ್ತಿಪಟ್ಟ. ಹೆಂಡತಿ ತನ್ನ ಮುಖವನ್ನೇ ನೋಡಿಕೊಂಡಳು.

"ಕೆನ್ನೆ ಮೇಲೆ ನಂಬರು ಬಿದ್ದಿದೆ. ಇರಲಿ ಬಿಡಿ, ನೋಡಿದವರು ಮರೆಯಲ್ಲ."

ಹತ್ತು ದಿನ ಕಳೆದು ಆಕೆ ಒಬ್ಬಳೇ ಬಂದಳು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯೊಬ್ಬಳು ಪುಟದಲ್ಲಿ ಮುಖ ಕಂಡು ಗುರುತು ಹಿಡಿದು, ವಿಳಾಸ ಓದಿಕೊಂಡು, ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದಿದ್ದಳಂತೆ. ಮೂವತ್ತೆಂಟು ವರ್ಷದ ಮಾತು ಬಾಕಿ ಇತ್ತಲ್ಲ, ಊಟದ ಹೊತ್ತು ಕಳೆದದ್ದೂ ಗೊತ್ತಾಗಲಿಲ್ಲವಂತೆ. ಗಂಡ ಗಡಿಯಾರ ಬಿಚ್ಚಿ ನೋಡಿದರೆ ಅದು ಕೆಟ್ಟೇ ಇರಲಿಲ್ಲವಂತೆ.

ಆಕೆ ಹೋದ ಮೇಲೆ ಅಚ್ಚಕ್ಕ ಮುಂದಿನ ಕೆಲಸಕ್ಕೆ, ದರ್ಜಿಯ ಪುಟಕ್ಕೆ, ಕೈಹಾಕಿದಳು. ಆ ದಿನವೆಲ್ಲ ಅವಳು ಏನೋ ಗುನುಗುತ್ತಲೇ ಇದ್ದಳು.