ಇನ್ನೊಂಚೂರು

ಮನೆಯಲ್ಲಿ ಅಣ್ಣನಿಗೆ ನಾವಿಟ್ಟ ಅಡ್ಡಹೆಸರು ‘ಇನ್ನೊಂಚೂರು’. ಫ್ಯಾನು ನೆಟ್ಟಗೆ ತಿರುಗುತ್ತಿದ್ದರೂ ಸ್ಟೂಲು ಹತ್ತಿ, “ತಡಿ, ಇನ್ನೊಂಚೂರು ಸರಿ ಮಾಡ್ತೀನಿ” ಅನ್ನುವವನು. ಅವನು ಇಳಿದ ಮೇಲೆ ಫ್ಯಾನು ಮೊದಲಿಗಿಂತ ಚೆನ್ನಾಗಿಯೇ ತಿರುಗುತ್ತಿತ್ತು, ಸುಳ್ಳೇಕೆ ಹೇಳಲಿ. ಸ್ವಿಚ್ಚು ಮಾತ್ರ ಎಲ್ಲಿಗೆ ಹೋಯಿತೆಂದು ನಾವು ಹುಡುಕಬೇಕಾಗುತ್ತಿತ್ತು.

ಅವನು ಮಾಡಿದ ದೊಡ್ಡ ಕೆಲಸವೆಂದರೆ ಒಂದು ಪುಟ್ಟ ಪೆಟ್ಟಿಗೆ. ಆಸ್ಪತ್ರೆಯಲ್ಲಿ ಡ್ರಿಪ್ ಬಾಟಲಿ ತೂಗುಹಾಕುವ ಕಂಬಕ್ಕೆ ಸಿಕ್ಕಿಸಿದರೆ, ಬಾಟಲಿ ಖಾಲಿಯಾಗುವ ಮುಂಚೆ ಕೂಗಿ ನರ್ಸನ್ನು ಕರೆಯುತ್ತದೆ. ಅತ್ತಿಗೆಯ ಹೆರಿಗೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾಟಲಿ ಕಾಯುತ್ತ ಕೂತವನಿಗೆ ಹೊಳೆದದ್ದು ಅದು. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು ಸ್ಟಾರ್ಟಪ್ ಶುರುಮಾಡಿದ. ಒಂದರಲ್ಲಿ ಬೆಸುಗೆಯ ಹೊಗೆ ಮತ್ತು ಅವನು, ಇನ್ನೊಂದರಲ್ಲಿ ಫೋನು ಮತ್ತು ನಾನು.

ಫೋನಿನಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಬೈಗುಳ. ರಿಪೇರಿಗೆಂದು ಹೋದಲ್ಲೆಲ್ಲ ಅಣ್ಣ ಪೆಟ್ಟಿಗೆಯನ್ನು ಇನ್ನೊಂಚೂರು ಸುಧಾರಿಸಿ ಬರುತ್ತಿದ್ದ. ಒಂದು ಕಡೆ ಅದು ಪೀಪಿ ಊದುತ್ತಿತ್ತು, ಇನ್ನೊಂದು ಕಡೆ ಕೆಂಪು ದೀಪ ಮಿಟುಕಿಸುತ್ತಿತ್ತು, ಮತ್ತೊಂದು ಕಡೆ ಎರಡೂ. ಮೇಲಿನ ಮಹಡಿಯ ನರ್ಸಿಗೆ ಕೆಳಗಿನ ಮಹಡಿಯ ಪೆಟ್ಟಿಗೆ ಅರ್ಥವಾಗುತ್ತಿರಲಿಲ್ಲ.

ಕೊನೆಗೆ ಅವನಿಗೇ ಸಾಕಾಯಿತು. “ಮಾಡೋದು ನಂಗೆ ಬರತ್ತೆ, ನಡೆಸೋದು ಬರಲ್ಲ. ಚೆನ್ನಾಗಿ ಪಳಗಿದ ಸಿಇಒ ಒಬ್ರು ಬೇಕು ಕಣೇ,” ಅಂದ. ಆ ಕೆಲಸಕ್ಕೆಂದು ಬಂದವರಿಗೆಲ್ಲ ಸ್ಕ್ರೂಡ್ರೈವರ್ ಕೊಟ್ಟು ಪೆಟ್ಟಿಗೆ ಬಿಚ್ಚಿ ನೋಡಿ ಅನ್ನುತ್ತಿದ್ದ. ಕೋಟು ಹಾಕಿಕೊಂಡು ಬಂದವರೊಬ್ಬರು ಬೆರಳು ಚುಚ್ಚಿಕೊಂಡು ಹೋದರು. ಇವನು ಹುಡುಕುತ್ತಿರುವುದು ಸಿಇಒನನ್ನೋ ಮೆಕ್ಯಾನಿಕ್‌ನನ್ನೋ ಎಂದು ನಾನು ಹಣೆ ಚಚ್ಚಿಕೊಂಡೆ.

ಆಮೇಲೆ ಮೇಡಂ ಬಂದರು. ಆಸ್ಪತ್ರೆ ಸಾಮಾನಿನ ಕಂಪನಿಯೊಂದನ್ನು ಬೆಳೆಸಿ, ವಯಸ್ಸಾಯಿತೆಂದು ಆಗಷ್ಟೇ ಬಿಟ್ಟಿದ್ದವರು. ಮೊದಲು ನನ್ನೆದುರು ಕೂತು, ಫೋನಿನಲ್ಲಿ ಯಾರು ಏನೆಂದು ಬೈಯುತ್ತಾರೆ ಎಂದು ಎಲ್ಲ ಕೇಳಿದರು. ನಂತರ ಅಣ್ಣನ ಕೋಣೆಗೆ ಹೋದರು. ಅವನು ಸ್ಕ್ರೂಡ್ರೈವರ್ ಚಾಚಿದ. ಅವರು ಅದನ್ನು ಇಸಿದುಕೊಂಡು ತಮ್ಮ ಕೈಚೀಲದೊಳಗೆ ಹಾಕಿಬಿಟ್ಟರು.

“ಇದು ನನ್ನ ಹತ್ರಾನೇ ಇರ್ಲಿ. ಒಂದು ವರ್ಷ ಪೆಟ್ಟಿಗೆ ಒಂದೇ ಥರ ಇರ್ಬೇಕು. ನೀವು ಕೈ ಹಾಕಿದ ದಿನ ನಾನು ಎದ್ದು ಹೋಗ್ತೀನಿ. ಆಗತ್ತಾ?”

“ಆಗತ್ತೆ ಮೇಡಂ,” ಅಂದ ಅಣ್ಣ. ಡ್ರಾಯರಿನಲ್ಲಿದ್ದ ಉಳಿದ ಸ್ಕ್ರೂಡ್ರೈವರ್‌ಗಳನ್ನೂ ತಾನಾಗಿಯೇ ತಂದೊಪ್ಪಿಸಿದ, ಪಾಪ.

ಆ ಕೆಲವು ತಿಂಗಳೇ ನಮ್ಮ ಒಳ್ಳೆಯ ಕಾಲ. ಮೇಡಂ ಎಲ್ಲ ಪೆಟ್ಟಿಗೆಗಳನ್ನೂ ವಾಪಸು ತರಿಸಿ ಒಂದೇ ರೀತಿ ಮಾಡಿಸಿದರು. “ಮೂರು ಸಲ ಕೂಗಿದ್ರೆ ಎದ್ದು ಬನ್ನಿ, ಅಷ್ಟೇ,” ಎಂದು ವಾರ್ಡು ವಾರ್ಡಿಗೂ ಹೋಗಿ ಕಲಿಸಿದರು. ಬೈಗುಳ ನಿಂತಿತು. ಫೋನು ಎತ್ತಲು ನಾನು ಹೆದರುವುದೂ ನಿಂತಿತು. ಅಣ್ಣ ಮಾತ್ರ ಖಾಲಿ ಮೇಜಿನ ಮುಂದೆ ಬೆರಳು ನೆಟಿಕೆ ಮುರಿಯುತ್ತ ಕೂತಿರುತ್ತಿದ್ದ.

ಅಷ್ಟರಲ್ಲಿ ಒಂದು ದೊಡ್ಡ ಆಸ್ಪತ್ರೆ ತನ್ನ ಎಲ್ಲ ವಾರ್ಡುಗಳಿಗೂ ಪೆಟ್ಟಿಗೆ ಕೊಳ್ಳುವ ಮಾತಾಡಿತು. ಸಿಕ್ಕರೆ ನಾವು ದಡ ಸೇರಿದಂತೆ, ತಪ್ಪಿದರೆ ಆ ಎರಡು ಕೋಣೆಯೂ ಉಳಿಯುವಂತಿರಲಿಲ್ಲ. ಮೇಡಂ ಮಕ್ಕಳ ವಾರ್ಡಿನಲ್ಲಿ ಒಂದು ಪೆಟ್ಟಿಗೆ ಹಾಕಿಸಿದರು. ಸೋಮವಾರ ದೊಡ್ಡ ಡಾಕ್ಟರು ಬಂದು ನೋಡುವುದೆಂದಾಯಿತು.

ಭಾನುವಾರ ಅಣ್ಣ ಸುಮ್ಮನೆ ನೋಡಿಬರಲೆಂದು ಅಲ್ಲಿಗೆ ಹೋದ. ಅಲ್ಲಿನ ನರ್ಸು, “ಇದು ಕೂಗಿದ್ರೆ ಮಕ್ಕಳು ಎದ್ದುಬಿಡ್ತಾರೆ ಸಾರ್,” ಅಂದರಂತೆ. ಅಷ್ಟು ಸಾಕಾಯಿತು. ಯಾರದೋ ಹಣ್ಣು ಹೆಚ್ಚುವ ಚಾಕು ಇಸಿದುಕೊಂಡು, ಅದರ ತುದಿಯಿಂದ ಪೆಟ್ಟಿಗೆ ಬಿಚ್ಚಿ, ಮೆಲುದನಿಯ ಬೇರೊಂದು ಬಜರ್ ಸಿಕ್ಕಿಸಿದ. ಅದು ಅವನ ಜೇಬಿನಲ್ಲಿ ಯಾಕಿತ್ತು ಎಂದು ಅವನನ್ನೇ ಕೇಳಬೇಕು.

ಸೋಮವಾರ ಡಾಕ್ಟರುಗಳು ಸುತ್ತ ನಿಂತಿದ್ದರು. ಪರೀಕ್ಷೆಗೆಂದು ತೂಗುಹಾಕಿದ ಬಾಟಲಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಬೇರೆ ಪಾಳಿಯ ನರ್ಸು ಬಾಗಿಲ ಬಳಿ ಕೂತು ಮೂರು ಕೂಗಿಗೆ ಕಾಯುತ್ತಿದ್ದರು. ಪೆಟ್ಟಿಗೆ ಜೋಗುಳದಂತೆ ಒಮ್ಮೆ ಗುಂಯ್ ಅಂದಿತು. ಮಕ್ಕಳೂ ಏಳಲಿಲ್ಲ, ನರ್ಸೂ ಏಳಲಿಲ್ಲ. ಬಾಟಲಿ ಪೂರ್ತಿ ಬರಿದಾಯಿತು.

“ಯೋಚ್ನೆ ಮಾಡಿ ಹೇಳ್ತೀವಿ,” ಅಂದರು ದೊಡ್ಡ ಡಾಕ್ಟರು. ಮೇಡಂ ಅಣ್ಣನ ಕಡೆ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ.

ಆಫೀಸಿಗೆ ಬಂದು ಅವರು ಸ್ಕ್ರೂಡ್ರೈವರ್‌ಗಳನ್ನೆಲ್ಲ ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ. ಬೈದಿದ್ದರೇ ವಾಸಿಯಿತ್ತು.

“ನೀವು ಮಾಡಿದ್ದು ಮೊದ್ಲಿಗಿಂತ ಚೆನ್ನಾಗೇ ಇದೆ. ಯಾವಾಗ್ಲೂ ಚೆನ್ನಾಗೇ ಮಾಡ್ತೀರ. ಅದಕ್ಕೇ ನಾನು ಹೋಗ್ತಿರೋದು.”

“ಇದೊಂದ್ಸಲ ಬಿಟ್ಬಿಡಿ ಮೇಡಂ…” ಅಣ್ಣ ಮೆಟ್ಟಿಲವರೆಗೂ ಹಿಂದೆ ಹೋದ. ಅವರು ನಿಲ್ಲಲಿಲ್ಲ. ಅಂಥವರನ್ನು ಕಳೆದುಕೊಂಡೆವಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆಯಿಂದ ಫೋನು ಬರಲೇ ಇಲ್ಲ. ಅಣ್ಣ ಮತ್ತೆ ಸಿಇಒ ಹುಡುಕಿದ, ಬಂದವರು ನಿಲ್ಲಲಿಲ್ಲ. ಕೋಣೆ ಬಿಟ್ಟುಕೊಟ್ಟೆವು. ಈಗ ಅವನು ಒಂದು ಕಾಲೇಜಿನ ಲ್ಯಾಬಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ.

ಮೊನ್ನೆ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಪಕ್ಕದಲ್ಲಿ ಅಣ್ಣ ಕೂತಿದ್ದ. ನನ್ನ ಡ್ರಿಪ್ಪಿನ ಕಂಬಕ್ಕೆ ಅಂಥದೇ ಪೆಟ್ಟಿಗೆ ಇತ್ತು, ಬೇರೆ ಯಾವುದೋ ಕಂಪನಿಯದು. ಅದು ಕಿವಿ ತೂತಾಗುವಂತೆ ಕೂಗಿತು. ನರ್ಸು ಓಡಿಬಂದು ಬಾಟಲಿ ಬದಲಿಸಿ ಹೋದರು.

ಅಣ್ಣ ಎದ್ದು ಪೆಟ್ಟಿಗೆಯನ್ನು ಸುತ್ತಲೂ ನೋಡಿದ. ಹೆಬ್ಬೆರಳ ಉಗುರನ್ನು ಸ್ಕ್ರೂವಿನ ಗೀರಿಗೆ ಇಟ್ಟ.

“ಅಣ್ಣಾ,” ಅಂದೆ.

ಕೈ ತೆಗೆದ. “ಕರ್ಕಶವಾಗಿದೆ ಕಣೇ ಇದು,” ಅಂದ. “ಆದ್ರೆ ನರ್ಸು ಬಂದ್ರಲ್ಲ. ಇರ್ಲಿ ಬಿಡು, ಹೀಗೇ ಇರ್ಲಿ,” ಎಂದು ಕೂತುಕೊಂಡ.

‘ಹೀಗೇ ಇರ್ಲಿ’ ಎಂಬ ಮಾತನ್ನು ನಾನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅದೂ ಇನ್ನೊಬ್ಬರ ಪೆಟ್ಟಿಗೆಗೆ.